ಚಮಚೆ, ಮೇಣದ ಬತ್ತಿ ಮತ್ತು ಮೂತ್ರಪಿಂಡ

ಹೋಟೆಲಿನ ಗಲ್ಲಾ ಪೆಟ್ಟಿಗೆಯಲ್ಲಿ ಚಿಲ್ಲರೆಯ ಪಕ್ಕಕ್ಕೆ ನೋವಿನ ಗುಳಿಗೆಯ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ನಮ್ಮವರಲ್ಲಿ ವಾಡಿಕೆ. ನಾವೂ ಇಟ್ಟಿದ್ದೆವು. ದಿನವಿಡೀ ನಿಂತು ಕಾಲು ಸೆಳೆಯುತ್ತದೆಂದು ಹುಡುಗರು ಬಂದರೆ ಒಂದು ಗುಳಿಗೆಯನ್ನು ಕೊಟ್ಟು, ಉಪಕಾರ ಮಾಡಿದೆವೆಂದು ಭಾವಿಸುತ್ತಿದ್ದೆವು. ನಮ್ಮಲ್ಲಿ ಹನ್ನೆರಡು ವರ್ಷ ದೋಸೆಯ ಕಲ್ಲಿನ ಮುಂದೆ ನಿಂತವರೊಬ್ಬರು ಆ ಗುಳಿಗೆಗಳನ್ನು ದಿನಕ್ಕೆರಡರಂತೆ ತಿಂಗಳುಗಟ್ಟಲೆ ನುಂಗಿದರು. ಒಂದು ಮಳೆಗಾಲದಲ್ಲಿ ಅವರ ಪಾದಗಳು ಊದಿದವು. ಬೆಳಗಿನ ಹೊತ್ತು ಮುಖವೂ ಊದತೊಡಗಿತು. ನಿದ್ದೆಗೇಡಿನ ಫಲವೆಂದು ಅವರೂ ಹೇಳಿದರು, ನಾವೂ ನಂಬಿದೆವು. ಕಡೆಗೆ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಪದಾರ್ಥವು 9ನ್ನು ದಾಟಿತ್ತು. ಇರಬೇಕಾದುದು ಸುಮಾರು 1. ಸೋನೋಗ್ರಫಿಯ ಚಿತ್ರದಲ್ಲಿ ಎರಡೂ ಮೂತ್ರಪಿಂಡಗಳು ಕುಗ್ಗಿ ಸಣ್ಣವಾಗಿದ್ದವು. ಈಗ ಅವರು ಊರಿನಲ್ಲಿದ್ದಾರೆ. ವಾರಕ್ಕೆರಡು ಬಾರಿ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತವನ್ನು ಶುದ್ಧಿ ಮಾಡಿಸಿಕೊಂಡು ಬರುತ್ತಾರೆ. ಗುಳಿಗೆಯೊಂದೇ ಕಾರಣವಲ್ಲ, ತಿಳಿಯದೆ ಇದ್ದ ರಕ್ತದ ಒತ್ತಡವೂ ಕಾರಣವೆಂದು ವೈದ್ಯರು ಹೇಳಿದ್ದುಂಟು. ಆದರೂ ಆ ಗಲ್ಲಾ ಪೆಟ್ಟಿಗೆಯು ನಮ್ಮ ಕಣ್ಣ ಮುಂದಿನಿಂದ ಸರಿಯದು.

ಮುಂಚಿತವಾಗಿ ತಿಳಿಯುವ ಉಪಾಯವಿರಲಿಲ್ಲವೆ? ಇತ್ತು. ಅದು ಇಂದು ನಿನ್ನೆಯದಲ್ಲ; ಇನ್ನೂರು ವರ್ಷದಷ್ಟು ಹಳೆಯದೆಂದರೆ ವಾಚಕರಿಗೆ ಸೋಜಿಗವಾದೀತು. ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯರಿದ್ದರು. ಮೈ ಊದಿದ ರೋಗಿಯ ಮೂತ್ರವನ್ನು ಚಮಚೆಯಲ್ಲಿ ತೆಗೆದು, ಮೇಣದ ಬತ್ತಿಯ ಉರಿಗೆ ಹಿಡಿದು ನೋಡುತ್ತಿದ್ದರು. ಕೆಲವರ ಮೂತ್ರವು ಕಾವಿಗೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು, ಕುದಿಯುವ ನೀರಿಗೆ ಒಡೆದ ಮೊಟ್ಟೆಯ ಬಿಳಿಯ ಭಾಗದಂತೆ. ಅಂಥವರು ತೀರಿಕೊಂಡ ಮೇಲೆ ದೇಹವನ್ನು ತೆರೆದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. 1827ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಹುಕಾಲದವರೆಗೆ ಆ ವ್ಯಾಧಿಗೆ ಅವರ ಹೆಸರೇ ಇತ್ತು.

ಇದರ ಮರ್ಮವು ಅಡಿಗೆಯವರಿಗೆ ಸುಲಭವಾಗಿ ತಿಳಿಯತಕ್ಕುದು. ಮೂತ್ರಪಿಂಡವೆಂಬುದು ಸೋಸುವ ಬಟ್ಟೆ. ಬಟ್ಟೆ ನೆಟ್ಟಗಿರುವಾಗ ಚರಟವು ಕಾಫಿಯೊಳಗೆ ಇಳಿಯದು. ಹಾಗೆಯೇ ರಕ್ತದಲ್ಲಿರುವ ಆಲ್ಬ್ಯುಮಿನ್ ಎಂಬ ಸತ್ವವು ಮೂತ್ರಕ್ಕೆ ಇಳಿಯಬಾರದು. ಇಳಿಯಿತೆಂದರೆ ಬಟ್ಟೆಯು ಎಲ್ಲೋ ಸವೆದಿದೆ. ಬ್ರೈಟರ ಚಮಚೆಗೆ ಕಾಣುತ್ತಿದ್ದುದು ದೊಡ್ಡ ಹರಕು ಮಾತ್ರ. ಇಂದಿನ ಪ್ರಯೋಗಶಾಲೆಯು ನೂಲಿನ ಎಳೆ ಸಡಿಲವಾದುದನ್ನೂ ಹಿಡಿಯುತ್ತದೆ. ಮೂತ್ರದಲ್ಲಿರುವ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಆಲ್ಬ್ಯುಮಿನ್ ಮೀರಿತೆಂದರೆ ಎಚ್ಚರಿಕೆ. 300 ಮೀರಿದರೆ ಹೆಚ್ಚಿನ ಅಪಾಯ. ಇಷ್ಟಾಗುವಾಗಲೂ ರೋಗಿಗೆ ನೋವಿಲ್ಲ, ಉರಿಯಿಲ್ಲ. ಎಂದಿನಂತೆ ಕೆಲಸಕ್ಕೆ ಬರುತ್ತಾನೆ.

ಹಾಗಾದರೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೊಂದೇ ಸಾಲದೆ? ಸಾಲದು. ಅದು ಸ್ನಾಯುಗಳಿಂದ ಹುಟ್ಟುವ ಕಸ. ಮೂತ್ರಪಿಂಡವು ಅದನ್ನು ಹೊರಹಾಕಬೇಕು. ಆದರೆ ಮೂತ್ರಪಿಂಡದ ಶಕ್ತಿಯು ಹೆಚ್ಚುಕಡಿಮೆ ಅರ್ಧದಷ್ಟು ಹೋಗುವವರೆಗೂ ಈ ಅಂಕಿಯು ಸರಿಯಾದ ಮಿತಿಯೊಳಗೇ ಉಳಿಯಬಹುದು. ಸಣಕಲು ದೇಹದವರಲ್ಲಂತೂ ಸ್ನಾಯುವೇ ಕಡಿಮೆಯಾದುದರಿಂದ ಇನ್ನಷ್ಟು ಮೋಸ ಮಾಡುತ್ತದೆ. ಆದುದರಿಂದ ವಯಸ್ಸನ್ನೂ ಸ್ತ್ರೀ-ಪುರುಷ ಭೇದವನ್ನೂ ಸೇರಿಸಿ ಲೆಕ್ಕ ಕಟ್ಟಿ, ಸೋಸುವ ವೇಗವಿಷ್ಟೆಂದು ವರದಿಯಲ್ಲಿ ಬರೆಯುತ್ತಾರೆ. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ವ್ಯಾಧಿಯೆಂದೇ ಗಣನೆ. ಮೂತ್ರದ ಅಂಕಿ, ರಕ್ತದ ಅಂಕಿ ಎರಡನ್ನೂ ಕೇಳಿ ಪಡೆಯಬೇಕು.

ಇನ್ನು ಅರ್ಬುದದ ಮಾತು. ಇದೂ ಲಂಡನ್ನಿನ ಕಥೆಯೇ, ಅದೂ ನಮ್ಮಂತಹ ಒಬ್ಬ ವ್ಯಾಪಾರಿಯದು. 1845ರಲ್ಲಿ ದಿನಸಿ ಅಂಗಡಿಯ ಯಜಮಾನನೊಬ್ಬನಿಗೆ ಎಲುಬುಗಳಲ್ಲಿ ತಡೆಯಲಾರದ ನೋವು. ಅವನ ಮೂತ್ರವನ್ನು ಕಾಯಿಸಿದ ವೈದ್ಯರು ಬೆಪ್ಪಾದರು. ಬೆಚ್ಚಗಾದಾಗ ಹೆಪ್ಪುಗಟ್ಟುತ್ತಿತ್ತು, ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಹೆಪ್ಪು! ಮೊಟ್ಟೆಯನ್ನು ಕುದಿಸಿ ಪುನಃ ನೀರಾಗಿಸಿದವನುಂಟೆ? ಅದನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ-ರಸಾಯನಜ್ಞರಿಗೆ ಕಳುಹಿಸಿದರು. ಇದು ಆಲ್ಬ್ಯುಮಿನ್ ಅಲ್ಲ, ಬೇರೊಂದು ಸತ್ವವೆಂದು ಅವರು ಗುರುತಿಸಿದರು. 1846ರ ಆರಂಭದಲ್ಲಿ ಆ ವ್ಯಾಪಾರಿ ತೀರಿಕೊಂಡನು. ಎಲುಬುಗಳು ಮೆತ್ತಗಾಗಿದ್ದವು. ಮಜ್ಜೆಯ ಅರ್ಬುದವದು, ಇಂದು ಮೈಲೋಮ ಎನ್ನುತ್ತಾರೆ. ರಂಟ್ಜೆನ್ ಮಹಾಶಯರು ಕ್ಷ-ಕಿರಣವನ್ನು ಕಂಡುಹಿಡಿದುದು 1895ರಲ್ಲಿ. ಅಂದರೆ ಎಲುಬಿನ ಚಿತ್ರ ತೆಗೆಯಲು ಬರುವುದಕ್ಕೆ ಐವತ್ತು ವರ್ಷ ಮೊದಲೇ ಎಲುಬಿನೊಳಗಣ ಅರ್ಬುದದ ಗುರುತು ಮೂತ್ರದಲ್ಲಿ ಸಿಕ್ಕಿತ್ತು.

ಈ ಸತ್ವದ ರಹಸ್ಯವನ್ನು ಎಡೆಲ್‌ಮನ್ ಮತ್ತು ಗ್ಯಾಲಿ ಎಂಬವರು 1962ರಲ್ಲಿ ಬಿಡಿಸಿದರು. ರೋಗಗಳೊಡನೆ ಹೋರಾಡಲು ದೇಹವು ತಯಾರಿಸುವ ಪ್ರತಿಕಾಯದ ತುಂಡುಗಳೇ ಅವು. ಕೆಟ್ಟ ಜೀವಕಣವೊಂದು ಅಳತೆಯಿಲ್ಲದೆ ಅವನ್ನು ಸುರಿಸುತ್ತದೆ. ಅವು ಮೂತ್ರಪಿಂಡದ ನಾಳಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ, ಮೋರಿಯಲ್ಲಿ ಎಣ್ಣೆಯ ಜಿಡ್ಡು ಕಟ್ಟಿಕೊಂಡಂತೆ. ಆದುದರಿಂದಲೇ ಕೆಲವರಿಗೆ ಮೂತ್ರಪಿಂಡ ಕೆಟ್ಟ ಮೇಲೆಯೇ ಅರ್ಬುದವಿರುವುದು ತಿಳಿಯುತ್ತದೆ. ಅಂಗಡಿಗಳಲ್ಲಿ ಸಿಗುವ ಮೂತ್ರ ಪರೀಕ್ಷೆಯ ಕಾಗದದ ಪಟ್ಟಿ ಮುಖ್ಯವಾಗಿ ಆಲ್ಬ್ಯುಮಿನ್‌ಗೆ ಬಣ್ಣ ತಿರುಗುವುದು. ಈ ತುಂಡುಗಳು ಅದರಿಂದ ತಪ್ಪಿಸಿಕೊಳ್ಳಬಹುದು. ವಯಸ್ಸಾದವರಿಗೆ ಬಿಡದ ಬೆನ್ನುನೋವು, ರಕ್ತಹೀನತೆ, ಏರುವ ಕ್ರಿಯಾಟಿನಿನ್ ಮೂರೂ ಕೂಡಿದರೆ ಅದಕ್ಕೆ ಬೇರೆಯೇ ರಕ್ತಪರೀಕ್ಷೆಯುಂಟು, ವೈದ್ಯರನ್ನು ಕೇಳಬೇಕು. ಬೆನ್ನುನೋವೆಂದು ಇಂಥವರು ಗುಳಿಗೆ ನುಂಗಿದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಚಿತ್ರ ತೆಗೆಯುವ ಯಂತ್ರಗಳನ್ನು ನಾವು ಹಳಿಯುವವರಲ್ಲ. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಹೋಳು ಹೋಳಾಗಿ ತೋರಿಸಿದಂದಿನಿಂದ ಉಳಿದ ಪ್ರಾಣಗಳು ಅಲ್ಪವಲ್ಲ. ಮೂತ್ರಪಿಂಡದ ಗಡ್ಡೆಗಳಲ್ಲಿ ಅನೇಕವು ಈಗ ಬೇರಾವುದೋ ಕಾರಣಕ್ಕೆ ಮಾಡಿಸಿದ ಸೋನೋಗ್ರಫಿಯಲ್ಲಿ ಅಕಸ್ಮಾತ್ತಾಗಿ ಸಿಗುತ್ತವೆ. ಆದರೆ ಚಿತ್ರವು ಗಡ್ಡೆಯನ್ನು, ಕಲ್ಲನ್ನು, ಗಾತ್ರವನ್ನು ತೋರಿಸುವುದು. ಸವೆಯುತ್ತಿರುವ ಸೋಸುಬಟ್ಟೆಯನ್ನು ತೋರಿಸಲಾರದು. ಮತ್ತೊಂದು: ಸಿ.ಟಿ. ಚಿತ್ರವು ಸ್ಪಷ್ಟವಾಗಲೆಂದು ಅಯೋಡಿನ್ ಬೆರೆತ ದ್ರವವನ್ನು ರಕ್ತನಾಳಕ್ಕೆ ಚುಚ್ಚುವುದುಂಟು. ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಅದು ಭಾರವಾಗಬಹುದು. ಚುಚ್ಚುವುದಕ್ಕೆ ಮುನ್ನ ಮೂತ್ರಪಿಂಡದ ದೋಷವಿದ್ದರೆ ಬಾಯಿಬಿಟ್ಟು ಹೇಳಬೇಕು.

ಕಚೇರಿಯ ಗುಮಾಸ್ತರೊಬ್ಬರು ಮೊನ್ನೆ ಬಂದು, ಆರೋಗ್ಯ ತಪಾಸಣೆಯ ಕಟ್ಟಿನಲ್ಲಿ ಎಲ್ಲ ಬಗೆಯ ಕ್ಯಾನ್ಸರಿನ ಗುರುತುಗಳನ್ನೂ ರಕ್ತದಲ್ಲಿ ನೋಡುವರಂತೆ, ಮಾಡಿಸಲೆ, ಎಂದು ಕೇಳಿದರು. ಬೇಡವೆಂದೆವು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕಂಡುಹಿಡಿದ ಸಿ.ಇ.ಎ. ಎಂಬ ಗುರುತು, ಅರ್ಬುದವಿಲ್ಲದ ಬೀಡಿ ಸಿಗರೇಟು ಸೇದುವವರಲ್ಲಿಯೂ ಏರುತ್ತದೆ. ಅರ್ಬುದ ಮೊಳೆತವರಲ್ಲಿ ಏರದೆಯೂ ಇರುತ್ತದೆ. ಚಿಕಿತ್ಸೆಯಲ್ಲಿರುವವರ ಪ್ರಗತಿಯನ್ನಳೆಯಲು ಅದು ಒಳ್ಳೆಯದು. ಆರೋಗ್ಯವಂತನಿಗೆ ಸುಳ್ಳು ಧೈರ್ಯ ಇಲ್ಲವೆ ಸುಳ್ಳು ಭಯ. ಅದರ ಬದಲು ತಂಬಾಕು ಅಗಿಯುವ ನಮ್ಮವರು ಬಾಯನ್ನು ತೆರೆದು ವೈದ್ಯರಿಗೆ ತೋರಿಸಲಿ. ಕೇರಳದಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಯ ಬೆಳಕಿನಲ್ಲಿ ಬಾಯಿ ನೋಡಿದರು. 2005ರಲ್ಲಿ ಹೊರಬಂದ ಫಲಿತಾಂಶದಂತೆ, ತಂಬಾಕು ಮದ್ಯಗಳ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ನಮ್ಮ ಮುಂಬಯಿಯಲ್ಲೇ ಟಾಟಾ ಸ್ಮಾರಕ ಆಸ್ಪತ್ರೆಯವರು ಜೋಪಡಿಗಳ ಸ್ತ್ರೀಯರ ಗರ್ಭಕೊರಳಿಗೆ ವಿನಿಗರಿನ ಹುಳಿ ಹಚ್ಚಿ, ಬೆಳ್ಳಗಾದ ಜಾಗವನ್ನು ನೋಡಿ ಅರ್ಬುದದ ಸುಳಿವು ಹಿಡಿದರು. ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ತಿಳಿಸಿದರು. ಇದು ನಮ್ಮ ಅಡಿಗೆಮನೆಯ ಕಪಾಟಿನಲ್ಲಿರುವ ಹುಳಿಯೇ!

ಈಗ ನಮ್ಮ ತಮ್ಮನು ನಡೆಸುತ್ತಿರುವ ಹಳೆಯ ಹೋಟೆಲಿನಲ್ಲಿ ಕಳೆದ ತಿಂಗಳು ಎಲ್ಲರ ರಕ್ತದ ಒತ್ತಡ, ಸಕ್ಕರೆ, ಮೂತ್ರದ ಆಲ್ಬ್ಯುಮಿನ್, ರಕ್ತದ ಕ್ರಿಯಾಟಿನಿನ್ ನೋಡಿಸಿದೆವು. ಒಬ್ಬೊಬ್ಬರಿಗೆ ಬಿದ್ದ ವೆಚ್ಚವು ಸಿ.ಟಿ. ಚಿತ್ರದ ವೆಚ್ಚದ ಮುಂದೆ ಏನೇನೂ ಅಲ್ಲ. ಹನ್ನೊಂದು ಕೆಲಸಗಾರರು, ತಮ್ಮ, ನಾವು, ಒಟ್ಟು ಹದಿಮೂರು ಮಂದಿ. ಇಬ್ಬರಲ್ಲಿ ಆಲ್ಬ್ಯುಮಿನ್ ಕಂಡಿತು. ಒಬ್ಬನು ಇಪ್ಪತ್ತಾರು ವಯಸ್ಸಿನ ಸಪ್ಲಾಯರ್. ತನಗೆ ರಕ್ತದ ಒತ್ತಡವಿದೆಯೆಂದು ಅವನಿಗೆ ಅಂದೇ ಗೊತ್ತಾದುದು. ಇನ್ನೊಬ್ಬರು ನಾವೇ. ನಮ್ಮ ಅಂಕಿ 64. ಜ್ವರವೋ ದಣಿವೋ ಇದ್ದರೂ ಒಮ್ಮೆ ಹೀಗೆ ಏರುವುದುಂಟಂತೆ. ಮೂರು ತಿಂಗಳೊಳಗೆ ಮತ್ತೆ ನೋಡಿಸಿರೆಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಗಲ್ಲಾ ಪೆಟ್ಟಿಗೆಯಲ್ಲಿ, ಗುಳಿಗೆಯ ಪಟ್ಟಿ ಇರುತ್ತಿದ್ದ ಜಾಗದಲ್ಲಿ ಇಟ್ಟಿದ್ದೇವೆ.