ನಿತ್ಯ ಗೆಲ್ಲುವ ಬಾಜಿ ಒಂದೇ ದಿನದಲ್ಲಿ ಮುಳುಗಿದ್ದು ಹೇಗೆ?

ಪ್ರಶ್ನೆ: ಮಾರುಕಟ್ಟೆ ಹೆಚ್ಚು ಏರಿಳಿಯದು ಎಂದು ಬಾಜಿ ಕಟ್ಟುವವರಿಗೆ ಬಹುಪಾಲು ಲಾಭವೇ ಅಂತೆ. ಇದ್ದ ಹಣವನ್ನೆಲ್ಲ ಅದರಲ್ಲೇ ಹಾಕಿದರೆ ತಪ್ಪೇನು?

ಉತ್ತರ: ಬಹುಪಾಲು ಲಾಭ ಎಂಬುದು ನಿಜ. ತೊಂದರೆಯೆಲ್ಲ ಉಳಿದ ಆ ಒಂದೆರಡು ದಿನಗಳದ್ದು.

ಅಮೆರಿಕದಲ್ಲಿ ಕ್ರೆಡಿಟ್ ಸ್ವಿಸ್ ಹೊರತಂದಿದ್ದ 'ಎಕ್ಸ್‌ಐವಿ' ಇಂಥದ್ದೇ ಬಾಜಿ. ಏರಿಳಿತ ಅಳೆಯುವ 'ವಿಐಎಕ್ಸ್' ಸೂಚ್ಯಂಕದ ಅಕ್ಷರಗಳನ್ನೇ ತಿರುಗಿಸಿಟ್ಟ ಹೆಸರು! 2018ರ ಫೆಬ್ರವರಿ 5ರಂದು ವಿಐಎಕ್ಸ್ ಸುಮಾರು 17ರಿಂದ 37ಕ್ಕೆ ಜಿಗಿಯಿತು. ಎಕ್ಸ್‌ಐವಿ ಮೌಲ್ಯದಲ್ಲಿ ಸುಮಾರು ಶೇ. 96 ಕರಗಿತು, ಅದೇ ತಿಂಗಳು ಅದರ ಕಥೆಯೂ ಮುಗಿಯಿತು.

ಈಗ ಲೆಕ್ಕ ಹಾಕಿ. 10 ಲಕ್ಷದಲ್ಲಿ 50,000 ಮಾತ್ರ ಅಲ್ಲಿಟ್ಟವನು 48,000 ಕಳೆದುಕೊಂಡು ಮರುದಿನ ಎಂದಿನಂತೆ ಕಾಫಿ ಕುಡಿದಾನು. 5 ಲಕ್ಷ ಇಟ್ಟವನ ಬಳಿ ಉಳಿದದ್ದು 5.2 ಲಕ್ಷ; ಮೊದಲಿನ ಜಾಗಕ್ಕೆ ಮರಳಲು ಅದು ಶೇ. 92ರಷ್ಟು ಬೆಳೆಯಬೇಕು. ಇಬ್ಬರ ಊಹೆಯೂ ಒಂದೇ, ಬೇರೆಯಾದದ್ದು ಪ್ರಮಾಣ.

ಆದ್ದರಿಂದ ಎಷ್ಟು ಗಳಿಸಬಹುದು ಎಂಬಲ್ಲಿಂದ ಲೆಕ್ಕ ಶುರುಮಾಡಬೇಡಿ. ವಿಐಎಕ್ಸ್ ರಾತ್ರೋರಾತ್ರಿ ಇಮ್ಮಡಿಯಾದರೆ ಎಷ್ಟು ನಷ್ಟ ತಡೆದುಕೊಳ್ಳಬಲ್ಲೆ ಎಂದು ಕೇಳಿಕೊಂಡು, ಅಲ್ಲಿಂದ ಹಿಮ್ಮುಖವಾಗಿ ಬನ್ನಿ. ನಿಗದಿತ ಬೆಲೆಗೆ ಹೊರಬರುವ ಸ್ಟಾಪ್‌ಲಾಸ್ ಆದೇಶವನ್ನು ನೆಚ್ಚಬೇಡಿ, ಇಂಥ ಜಿಗಿತದಲ್ಲಿ ಬೆಲೆ ಅದನ್ನು ಹಾರಿಕೊಂಡೇ ಹೋಗಬಹುದು. ನಮ್ಮಲ್ಲಿ ಇದೇ ಬಾಜಿಯನ್ನು ನಿಫ್ಟಿ ಆಪ್ಷನ್ ಮಾರಿ ಕಟ್ಟುವವರು ಇನ್ನೂ ಎಚ್ಚರದಿಂದಿರಬೇಕು: ಅಲ್ಲಿ ನಷ್ಟ ಠೇವಣಿಯಾಗಿ ಕಟ್ಟಿದ ಮಾರ್ಜಿನ್ ಅನ್ನೂ ಮೀರಬಹುದು. ಬಾಜಾರು ತಣ್ಣಗಿದ್ದಾಗ ಆಪ್ಷನ್ ಮಾರಿದ್ದಕ್ಕೆ ಸಿಗುವ ಪ್ರೀಮಿಯಂ ಸಣ್ಣದಾಗುತ್ತದೆ, ಆಗ 'ಇನ್ನೆರಡು ಲಾಟ್ ಸೇರಿಸೋಣ' ಅನ್ನಿಸುವುದು ಸಹಜ. ಎಡವುವುದು ಹೆಚ್ಚಾಗಿ ಅಲ್ಲೇ.