ಸಮರ್ಥ ಮುಖ್ಯ ಶಿಕ್ಷಕರನ್ನು ಗುರುತಿಸುವುದು ಹೇಗೆ?



ಸಂವಿಧಾನದ ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳ ವ್ಯಾಪ್ತಿಗೆ ಸೂಚಿಸಿರುವ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲಾ ಶಿಕ್ಷಣವೂ ಒಂದಾಗಿದೆ. ಆದುದರಿಂದ ತಮ್ಮ ವ್ಯಾಪ್ತಿಯ ಶಾಲೆಗೆ ಭೇಟಿ ನೀಡುವುದು, ಅದರ ಕುಂದುಕೊರತೆಗಳನ್ನು ವಿಚಾರಿಸುವುದು ತಮ್ಮ ಕರ್ತವ್ಯದ ಭಾಗ. ಆದರೆ ಭೇಟಿಯ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಗಮನಿಸುವುದು ಕಟ್ಟಡದ ಬಣ್ಣ, ಆವರಣ ಗೋಡೆ, ಶೌಚಾಲಯ ಮತ್ತು ಬಿಸಿಯೂಟ. ಇವೆಲ್ಲವೂ ಅಗತ್ಯವೇ. ಆದರೂ ಇವು ಸರಿಯಿದ್ದ ಮಾತ್ರಕ್ಕೆ ಮಕ್ಕಳು ಕಲಿಯುತ್ತಿದ್ದಾರೆಂದು ಹೇಳಲಾಗದು. ಅದನ್ನು ತಿಳಿಯಲು ಶಾಲೆಯನ್ನು ಮುನ್ನಡೆಸುವ ಮುಖ್ಯ ಶಿಕ್ಷಕರ ಕಾರ್ಯವೈಖರಿಯನ್ನು ನೋಡಬೇಕು. ಏನನ್ನು ನೋಡಬೇಕು, ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎರಡು ಉತ್ತರಗಳು

ಉದಾಹರಣೆಗಾಗಿ ಎರಡು ಶಾಲೆಗಳನ್ನು ಊಹಿಸಿಕೊಳ್ಳೋಣ. ಐದನೇ ತರಗತಿಯ ಮಕ್ಕಳ ಓದು ಹೇಗಿದೆ ಎಂದು ಸದಸ್ಯರೊಬ್ಬರು ಕೇಳುತ್ತಾರೆ. ಮೊದಲ ಶಾಲೆಯ ಮುಖ್ಯ ಶಿಕ್ಷಕರು, "ಎಲ್ಲರೂ ಚೆನ್ನಾಗಿ ಓದುತ್ತಾರೆ" ಎನ್ನುತ್ತಾರೆ. ಎರಡನೆಯ ಶಾಲೆಯ ಮುಖ್ಯ ಶಿಕ್ಷಕಿ, "22 ಮಕ್ಕಳಲ್ಲಿ 7 ಮಕ್ಕಳಿಗೆ ಎರಡನೇ ತರಗತಿಯ ಪಾಠವನ್ನು ಓದಲು ಇನ್ನೂ ಕಷ್ಟವಿದೆ. ಅವರಲ್ಲಿ ಮೂವರು ಕಳೆದ ವರ್ಷ ತಂದೆತಾಯಿಯರೊಡನೆ ಕಬ್ಬಿನ ಕಟಾವಿಗೆ ಹೋಗಿದ್ದರು. ಒಬ್ಬ ಹುಡುಗನಿಗೆ ಕಣ್ಣಿನ ತೊಂದರೆಯಿದೆ. ಬೆಳಗ್ಗೆ ಅರ್ಧ ಗಂಟೆ ಅವರಿಗೆ ಪ್ರತ್ಯೇಕವಾಗಿ ಓದಿಸುತ್ತಿದ್ದೇವೆ" ಎನ್ನುತ್ತಾರೆ.

ಮೇಲ್ನೋಟಕ್ಕೆ ಮೊದಲ ಶಾಲೆಯೇ ಉತ್ತಮವೆನಿಸುತ್ತದೆ. ಆದರೆ ಸಮರ್ಥ ನಾಯಕತ್ವ ಇರುವುದು ಎರಡನೆಯ ಶಾಲೆಯಲ್ಲಿ. ಅಲ್ಲಿನ ಮುಖ್ಯ ಶಿಕ್ಷಕಿಗೆ ಮಕ್ಕಳ ಸ್ಥಿತಿ ತಿಳಿದಿದೆ, ಅದರ ಕಾರಣ ತಿಳಿದಿದೆ, ಪರಿಹಾರವೂ ಆರಂಭವಾಗಿದೆ. ಮುಖ್ಯವಾಗಿ, ಇರುವ ಕೊರತೆಯನ್ನು ಮುಚ್ಚಿಡದೆ ಹೇಳುವ ಧೈರ್ಯ ಅವರಲ್ಲಿದೆ. ಶಾಲಾ ನಾಯಕತ್ವದ ಗುಣಗಳಲ್ಲಿ ಇದೇ ಮೊದಲನೆಯದು.

ಇಲ್ಲಿ ಪಂಚಾಯಿತಿಯ ಹೊಣೆಯೂ ಇದೆ. ಆ ಮುಖ್ಯ ಶಿಕ್ಷಕಿಯ ಉತ್ತರ ಕೇಳಿ ಸದಸ್ಯರು ತುಂಬಿದ ಸಭೆಯಲ್ಲಿ, "ಐದನೇ ತರಗತಿಗೆ ಬಂದರೂ ಓದಲು ಬಾರದೆಂದರೆ ನೀವು ಮಾಡುತ್ತಿರುವುದೇನು?" ಎಂದು ಗದರಿದರೆ, ಮುಂದಿನ ಸಭೆಯಲ್ಲಿ ಅವರೂ "ಎಲ್ಲರೂ ಚೆನ್ನಾಗಿ ಓದುತ್ತಾರೆ" ಎಂದೇ ಹೇಳುತ್ತಾರೆ. ಆಗ ಆ ಏಳು ಮಕ್ಕಳು ಯಾರ ಲೆಕ್ಕಕ್ಕೂ ಸಿಗದೆ ಆರನೇ ತರಗತಿಗೆ, ಅಲ್ಲಿಂದ ಪ್ರೌಢಶಾಲೆಗೆ ಸಾಗಿ, ಕೊನೆಗೆ ಶಾಲೆ ಬಿಡುವ ಸಂಭವವಿರುತ್ತದೆ. ಸತ್ಯ ಹೇಳಿದವರಿಗೆ ನೆರವು ದೊರೆಯುವ ಊರಿನಲ್ಲಿ ಮಾತ್ರ ಶಾಲೆಯ ನಿಜಸ್ಥಿತಿ ಹೊರಬರುತ್ತದೆ.

ಗಮನಿಸಬೇಕಾದ ಐದು ಗುಣಗಳು

1. ಪ್ರತಿ ಮಗುವಿನ ಕಲಿಕೆಯ ಅರಿವು. ಸಮರ್ಥ ಮುಖ್ಯ ಶಿಕ್ಷಕರು ತರಗತಿಯ ಸರಾಸರಿಯನ್ನು ಮಾತ್ರ ಹೇಳುವುದಿಲ್ಲ. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಅವರಿಗೆ ತಿಳಿದಿರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದಾದ್ಯಂತ ಹರಡಿದ ನಲಿ-ಕಲಿ ಪದ್ಧತಿಯ ತಿರುಳೂ ಇದೇ ಆಗಿದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಮೆಟ್ಟಿಲುಗಳನ್ನು ಏರುತ್ತದೆ. ಅದು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಶಿಕ್ಷಕರು ಗುರುತಿಸುತ್ತಾ ಹೋಗುತ್ತಾರೆ. ಈ ದೃಷ್ಟಿ ಮೇಲಿನ ತರಗತಿಗಳಲ್ಲಿಯೂ ಮುಂದುವರಿಯುವಂತೆ ನೋಡಿಕೊಳ್ಳುವುದು ಮುಖ್ಯ ಶಿಕ್ಷಕರ ಕೆಲಸ.

2. ಸಮಯದ ರಕ್ಷಣೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳು ಹಾಗೂ 800 ಬೋಧನಾ ಗಂಟೆಗಳು, 6ರಿಂದ 8ನೇ ತರಗತಿಗಳಿಗೆ 220 ದಿನಗಳು ಹಾಗೂ 1000 ಗಂಟೆಗಳು ಇರಬೇಕು. ದಿನಕ್ಕೆ ಅರ್ಧ ಗಂಟೆ ವ್ಯರ್ಥವಾದರೆ 200 ದಿನಗಳಲ್ಲಿ 100 ಗಂಟೆಗಳು ನಷ್ಟವಾಗುತ್ತವೆ. ಕಿರಿಯ ತರಗತಿಯ ಮಗುವಿಗೆ ಇದು ವರ್ಷದ ಕಲಿಕೆಯ ಎಂಟನೇ ಒಂದು ಭಾಗ. ದಿನಕ್ಕೆ ನಾಲ್ಕು ಗಂಟೆಯಂತೆ ಲೆಕ್ಕ ಹಾಕಿದರೆ 25 ದಿನ ಶಾಲೆಯನ್ನೇ ಮುಚ್ಚಿದಂತೆ. ಪ್ರಾರ್ಥನೆ ತಡವಾಗಿ ಮುಗಿಯುವುದು, ಊಟದ ನಂತರ ತರಗತಿ ನಿಧಾನವಾಗಿ ಆರಂಭವಾಗುವುದು ಸಣ್ಣ ಸಂಗತಿಗಳಲ್ಲವೆಂದು ಬಲ್ಲವರೇ ಸಮರ್ಥ ಮುಖ್ಯ ಶಿಕ್ಷಕರು.

3. ಸಹಶಿಕ್ಷಕರನ್ನು ಬೆಳೆಸುವ ಗುಣ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದಷ್ಟೇ ನಾಯಕತ್ವವಲ್ಲ. ತರಗತಿಯಲ್ಲಿ ಕುಳಿತು ಪಾಠವನ್ನು ಗಮನಿಸಿ, ಆನಂತರ ಪ್ರತ್ಯೇಕವಾಗಿ ಚರ್ಚಿಸುವುದು, ಹೊಸ ಶಿಕ್ಷಕರಿಗೆ ಹಾಗೂ ಅತಿಥಿ ಶಿಕ್ಷಕರಿಗೆ ದಾರಿ ತೋರುವುದು, ಕೆಲಸವನ್ನು ನ್ಯಾಯವಾಗಿ ಹಂಚುವುದು, ತಾವೂ ಪಾಠ ಮಾಡುವುದು ಇದರಲ್ಲಿ ಸೇರಿವೆ. ಮಕ್ಕಳ ಮುಂದೆ ಶಿಕ್ಷಕರನ್ನು ಅವಮಾನಿಸುವವರು ಶಾಲೆಯನ್ನು ಆಳಬಹುದು, ಬೆಳೆಸಲಾರರು.

4. ಊರಿನೊಡನೆ ಬಾಂಧವ್ಯ. ಮಗು ಸತತವಾಗಿ ಗೈರುಹಾಜರಾದಾಗ ಮನೆಯವರನ್ನು ವಿಚಾರಿಸುವವರು, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸುವವರು ಅನೇಕ ಮಕ್ಕಳನ್ನು ಶಾಲೆಯಲ್ಲಿ ಉಳಿಸಬಲ್ಲರು. ಬೇರೆ ಶಾಲೆಗೆ ಸೇರಲು ವರ್ಗಾವಣೆ ಪತ್ರ ಕೋರಿದಾಗ ಕೂಡಲೇ ನೀಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿಯನ್ನು ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವ ಹೊಣೆಯನ್ನು 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಹೀಗಾಗಿ ಈ ವಿಷಯದಲ್ಲಿ ಶಾಲೆಯೂ ಪಂಚಾಯಿತಿಯೂ ಕೂಡಿ ದುಡಿಯಬೇಕು.

5. ನ್ಯಾಯಬುದ್ಧಿ ಮತ್ತು ಪಾರದರ್ಶಕತೆ. ಜಾತಿ, ಲಿಂಗ, ಬಡತನ, ಅಂಗವೈಕಲ್ಯದ ಕಾರಣಕ್ಕೆ ಯಾವ ಮಗುವೂ ಹಿಂದಿನ ಸಾಲಿಗೆ ಸರಿಯಬಾರದು. ಅಕ್ಷರ ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದಾರೆಯೇ, ಕಸ ಗುಡಿಸುವ ಕೆಲಸ ಕೆಲವರ ಪಾಲಿಗೇ ಬೀಳುತ್ತಿದೆಯೇ ಎಂಬುದನ್ನು ನೋಡಿದರೆ ಮುಖ್ಯ ಶಿಕ್ಷಕರ ನ್ಯಾಯಬುದ್ಧಿ ತಿಳಿಯುತ್ತದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿದೆ. ಅಂತೆಯೇ, ಶಾಲೆಗೆ ಬಂದ ಅನುದಾನ ಮತ್ತು ದೇಣಿಗೆಯ ಲೆಕ್ಕವನ್ನು ಕೇಳುವ ಮೊದಲೇ ಎಸ್‌ಡಿಎಂಸಿ ಮುಂದೆ ಇಡುವುದು ಉತ್ತಮ ನಾಯಕತ್ವದ ಲಕ್ಷಣ.

ಚಿಕ್ಕ ಶಾಲೆಗಳ ಕಷ್ಟ

ಈ ಗುಣಗಳನ್ನು ನಿರೀಕ್ಷಿಸುವಾಗ ಒಂದು ವಾಸ್ತವವನ್ನು ಮರೆಯಬಾರದು. ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 150ನ್ನು ಮೀರಿದಾಗ, 6ರಿಂದ 8ನೇ ತರಗತಿಗಳಲ್ಲಿ 100ನ್ನು ಮೀರಿದಾಗ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ ಕಡ್ಡಾಯ. ನಮ್ಮ ಹಳ್ಳಿಗಳ ಅನೇಕ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಬ್ಬರು ಶಿಕ್ಷಕರಷ್ಟೇ ಇದ್ದು, ಅವರಲ್ಲಿ ಹಿರಿಯರು ಪ್ರಭಾರ ವಹಿಸಿಕೊಂಡಿರುತ್ತಾರೆ. ಎರಡು ಮೂರು ತರಗತಿಗಳಿಗೆ ಒಟ್ಟಿಗೆ ಪಾಠ ಮಾಡುವುದು, ಬಿಸಿಯೂಟ ಮತ್ತು ಹಾಲಿನ ಲೆಕ್ಕ ಬರೆಯುವುದು, ಮಕ್ಕಳ ಮಾಹಿತಿಯನ್ನು ಗಣಕೀಕರಿಸುವುದು, ಸಭೆಗಳಿಗೆ ಹಾಜರಾಗುವುದು ಎಲ್ಲವೂ ಅವರ ಮೇಲೆಯೇ ಬೀಳುತ್ತದೆ. ಅವರು ಸಭೆಗೆ ಹೊರಟ ದಿನ ಶಾಲೆಯಲ್ಲಿ ಉಳಿಯುವುದು ಒಬ್ಬರೇ ಶಿಕ್ಷಕರು.

ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳನ್ನು ಹೊರತುಪಡಿಸಿ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದೆಂದು ಕಾಯ್ದೆಯ 27ನೇ ಪ್ರಕರಣ ವಿಧಿಸಿದೆ. ಪಂಚಾಯಿತಿಯ ಸಭೆ ಸಮಾರಂಭಗಳಿಗೆ ಶಾಲಾ ವೇಳೆಯಲ್ಲಿ ಶಿಕ್ಷಕರನ್ನು, ಮಕ್ಕಳನ್ನು ಕರೆಸಿಕೊಳ್ಳುವ ಮುನ್ನ ಆ 800 ಗಂಟೆಗಳ ಲೆಕ್ಕವನ್ನು ನೆನೆಯುವುದು ಒಳಿತು.

ಪಂಚಾಯಿತಿಯಿಂದ ಆಗಬಹುದಾದ ನೆರವು

ಮುಖ್ಯ ಶಿಕ್ಷಕರು ನೀರಿನ ಸಂಪರ್ಕಕ್ಕಾಗಿ, ಶೌಚಾಲಯದ ದುರಸ್ತಿಗಾಗಿ ಪದೇಪದೇ ಕಚೇರಿಗೆ ಅಲೆಯುವಂತಾದರೆ ಆ ಅವಧಿ ಮಕ್ಕಳ ಪಾಠದಿಂದಲೇ ಕಡಿತವಾಗುತ್ತದೆ. ಕಾಯ್ದೆಯ 22ನೇ ಪ್ರಕರಣದಂತೆ ಎಸ್‌ಡಿಎಂಸಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಆ ಯೋಜನೆಯೇ ಅನುದಾನಕ್ಕೆ ಆಧಾರ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ರೂಪಿಸುವ ಮುನ್ನವೇ ಪ್ರತಿ ಶಾಲೆಯ ಯೋಜನೆಯನ್ನು ತರಿಸಿಕೊಂಡು, ಸಾಧ್ಯವಿರುವ ಕಾಮಗಾರಿಗಳನ್ನು ಅದರಲ್ಲಿ ಸೇರಿಸಬಹುದು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆಯ ವೇಳೆ ಪಂಚಾಯಿತಿಯ ಗ್ರಂಥಾಲಯದಲ್ಲಿ ಪುಸ್ತಕಗಳು ದೊರೆಯುವಂತೆ ಮಾಡಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ಹೇಳಿದ ಸಮಸ್ಯೆಗಳಿಗೆ ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಅವರಿಗೇ ತಿಳಿಸಬಹುದು.

ಶಿಕ್ಷಕರ ಕೊರತೆಯಂತಹ, ಪಂಚಾಯಿತಿಯ ಕೈ ಮೀರಿದ ವಿಷಯಗಳಿದ್ದಲ್ಲಿ ನಿರ್ಣಯ ಕೈಗೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಕಳುಹಿಸುವುದು ಸೂಕ್ತ. ಕರ್ತವ್ಯಲೋಪ ಕಂಡುಬಂದಾಗಲೂ ಇದೇ ಮಾರ್ಗವನ್ನು ಅನುಸರಿಸಬೇಕು. ಮಕ್ಕಳ ಮುಂದೆ ವಾಗ್ವಾದ ನಡೆಸುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಮುಂದಿನ ಭೇಟಿಯಲ್ಲಿ ಕೇಳಬಹುದಾದ ಪ್ರಶ್ನೆಗಳು

- ಯಾವ ಮಕ್ಕಳಿಗೆ ಓದು, ಬರಹ, ಲೆಕ್ಕದಲ್ಲಿ ಹೆಚ್ಚಿನ ನೆರವು ಬೇಕಾಗಿದೆ? ಅವರಿಗಾಗಿ ಏನು ನಡೆಯುತ್ತಿದೆ?
- ಕಳೆದ ತಿಂಗಳು ಹೆಚ್ಚು ದಿನ ಗೈರಾದ ಮಕ್ಕಳು ಯಾರು? ಕಾರಣವೇನು?
- ಕಳೆದ ತಿಂಗಳು ಶಿಕ್ಷಕರು ಎಷ್ಟು ದಿನ ಅನ್ಯ ಕಾರ್ಯಗಳಿಗೆ ಹೋಗಬೇಕಾಯಿತು?
- ಎಸ್‌ಡಿಎಂಸಿ ಸಭೆ ಕೊನೆಯದಾಗಿ ನಡೆದದ್ದು ಯಾವಾಗ? ಅಲ್ಲಿ ಮಕ್ಕಳ ಕಲಿಕೆಯ ಚರ್ಚೆ ನಡೆಯಿತೇ?
- ಪಂಚಾಯಿತಿಯಿಂದ ಈ ತಿಂಗಳು ಆಗಬೇಕಾದ ಒಂದು ಕೆಲಸ ಯಾವುದು?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಬರೆದಿಟ್ಟುಕೊಂಡು, ಮೂರು ತಿಂಗಳ ನಂತರ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕೆಂದು ಕೋರಲಾಗಿದೆ. ನೆರವು ಬೇಕಾದ ಮಕ್ಕಳ ಸಂಖ್ಯೆ ಏಳರಿಂದ ಮೂರಕ್ಕೆ ಇಳಿದಿದ್ದರೆ ಆ ಮುಖ್ಯ ಶಿಕ್ಷಕರನ್ನು ಗ್ರಾಮ ಸಭೆಯಲ್ಲಿ ಅಭಿನಂದಿಸಬೇಕು. ಇಳಿಯದಿದ್ದರೆ ತಡೆ ಎಲ್ಲಿದೆಯೆಂದು ಅವರೊಡನೆ ಕುಳಿತು ಹುಡುಕಬೇಕು. ಕೊನೆಯ ಪ್ರಶ್ನೆಗೆ ದೊರೆತ ಉತ್ತರದ ವಿಷಯದಲ್ಲಿ ಮಾತ್ರ, ಕೆಲಸ ಆಯಿತೇ ಇಲ್ಲವೇ ಎಂದು ಕೇಳುವ ಹಕ್ಕು ಮುಖ್ಯ ಶಿಕ್ಷಕರದು. ಉತ್ತರಿಸುವ ಹೊಣೆ ನಮ್ಮದು.