ಆಳು ಹೆಚ್ಚಿದಷ್ಟೂ ಕೆಲಸ ತಡ

ಹತ್ತು ಆಳು ಒಂದು ದಿನದಲ್ಲಿ ಕೊಯ್ಯುವ ಗದ್ದೆಗೆ ಇಪ್ಪತ್ತು ಆಳು ಇಳಿದರೆ ಮಧ್ಯಾಹ್ನಕ್ಕೇ ಕೊಯ್ಲು ಮುಗಿದೀತು. ಕಂಪ್ಯೂಟರಿನ ತಂತ್ರಾಂಶ ಬರೆಯುವಲ್ಲಿ ಈ ಲೆಕ್ಕ ನಡೆಯದು. ಅಮೆರಿಕದ ಐಬಿಎಂ ಕಂಪೆನಿ ಇದನ್ನು ಕಲಿತದ್ದು ದುಬಾರಿ ಬೆಲೆ ತೆತ್ತು. 1964ರಲ್ಲಿ ಅದು ಪ್ರಕಟಿಸಿದ ಸಿಸ್ಟಂ-360 ಕಂಪ್ಯೂಟರುಗಳನ್ನು ನಡೆಸಬೇಕಾದ ಮೂಲ ತಂತ್ರಾಂಶ, ನೂರಾರು ಜನರನ್ನು ತೊಡಗಿಸಿದರೂ ಹೇಳಿದ ವೇಳೆಗೆ ಸಿದ್ಧವಾಗಲಿಲ್ಲ.

ಅದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದು ಕಾರಣ ಬಿಡಿಸಿಟ್ಟರು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರ ವಾದ. ಹೊಸಬರಿಗೆ ಹೇಳಿಕೊಡಲು ಹಳಬರು ತಮ್ಮ ಕೆಲಸ ಬಿಟ್ಟು ಕೂರಬೇಕು. ಮಾತುಕತೆಯ ಹೊರೆ ಬೇರೆ. ಐದು ಜನರಿದ್ದರೆ ಪರಸ್ಪರ ಮಾತಾಡಬೇಕಾದ ಜೋಡಿಗಳು 10. ಐವತ್ತು ಜನರಾದರೆ 1,225! ಒಬ್ಬ ತಿದ್ದಿದ್ದು ಮತ್ತೊಬ್ಬನಿಗೆ ತಿಳಿಯದಿದ್ದರೆ ಇಬ್ಬರ ದುಡಿಮೆಯೂ ನೀರುಪಾಲು.

ಐಬಿಎಂನವರೇ ಆದ ಹಾರ್ಲನ್ ಮಿಲ್ಸ್ ಸೂಚಿಸಿದ ದಾರಿ ಆಪರೇಷನ್ ಕೊಠಡಿಯದು: ಕತ್ತರಿ ಒಬ್ಬನ ಕೈಯಲ್ಲಿ, ಉಳಿದವರು ಅವನ ನೆರವಿಗೆ. ಆದರೆ ಬೃಹತ್ ಕೆಲಸವನ್ನು ಪುಟ್ಟ ತಂಡಕ್ಕೆ ಕೊಟ್ಟರೆ ವರ್ಷಗಟ್ಟಲೆ ಎಳೆಯುತ್ತದಲ್ಲ? ಬ್ರೂಕ್ಸ್ ಈ ತೊಡಕನ್ನು ಮರೆಮಾಚಲಿಲ್ಲ. ಇಂಥ ಹಲವು ತಂಡಗಳಿರಲಿ, ಆದರೆ ಇಡೀ ವಿನ್ಯಾಸ ಒಬ್ಬಿಬ್ಬರ ತಲೆಯಿಂದಲೇ ಹೊರಡಲಿ ಎಂದರು.